ಕಾರಿನ ಬ್ಯಾಟರಿ: ನೀರೆಷ್ಟಿದೆ, ಹೂಳೆಷ್ಟಿದೆ?

ಜನವರಿಯ ಒಂದು ಬೆಳಗ್ಗೆ, ಐದೂವರೆ. ತುಮಕೂರಿನ ಎಸ್.ಎಸ್. ಪುರಂನಲ್ಲಿ ನಮ್ಮ ಬೀದಿಯ ಮಂಜು ಇನ್ನೂ ಕರಗಿರಲಿಲ್ಲ. ಎದುರು ಮನೆ ಮೇಷ್ಟ್ರು ಮಗಳನ್ನು ಬೆಂಗಳೂರು ರೈಲಿಗೆ ಬಿಟ್ಟು ಬರೋಣ ಅಂತ ಕಾರು ಹತ್ತಿದರು. ಕೀ ತಿರುಗಿಸಿದರೆ 'ಟಕ್' ಅಂತ ಒಂದೇ ಸದ್ದು. ಮತ್ತೆ ತಿರುಗಿಸಿದರು, ಮತ್ತೆ 'ಟಕ್'. ಮಗಳು ಆಟೋ ಹಿಡಿದು ಹೋದಳು. ಹತ್ತು ಗಂಟೆಗೆ ಬಂದ ಮೆಕ್ಯಾನಿಕ್ ಬಾನೆಟ್ ಎತ್ತಿ ಒಂದು ನಿಮಿಷ ನೋಡಿ, "ಬ್ಯಾಟರಿ ಹೋಗಿದೆ ಸಾರ್. ಮೂರು ವರ್ಷ ಆಯ್ತಲ್ಲ, ಹೊಸದು ಹಾಕ್ಸಿಬಿಡಿ" ಅಂದ.

ಮೂರು ವರ್ಷ ಆಗಿದ್ದು ನಿಜ. ಆದರೆ ಬ್ಯಾಟರಿ ಹೋಗಿತ್ತಾ? ಅದನ್ನು ಮುಂದೆ ಹೇಳುತ್ತೇನೆ. ಮೊದಲು ಒಂದು ಮಾತು. ಬ್ಯಾಟರಿಯನ್ನು ಕಣ್ಣಲ್ಲಿ ನೋಡಿ "ಹೋಗಿದೆ" ಅನ್ನಲು ಸಾಮಾನ್ಯವಾಗಿ ಆಗುವುದಿಲ್ಲ. ಅಳೆಯಬೇಕು. ಅಳೆಯಲು ಬೇಕಾದ ಮಲ್ಟಿಮೀಟರ್ ಯಾವ ಎಲೆಕ್ಟ್ರಿಕಲ್ ಅಂಗಡಿಯಲ್ಲಾದರೂ ಕೆಲವು ನೂರು ರೂಪಾಯಿಗೆ ಸಿಗುತ್ತದೆ.

ನಮ್ಮೂರಿನ ಕಾರುಗಳಿಗೆ ಈ ಕಾಯಿಲೆ ಬರಲು ಒಂದು ಕಾರಣವೂ ಇದೆ. ಇಲ್ಲಿಂದ ಬೆಂಗಳೂರು ಸುಮಾರು 70 ಕಿಲೋಮೀಟರ್. ಪಾಸ್ ಮಾಡಿಸಿಕೊಂಡು ದಿನಾ ರೈಲಿನಲ್ಲಿ ಹೋಗಿಬರುವವರು ಬಹಳ. ಅವರ ಕಾರು ಸೋಮವಾರದಿಂದ ಶನಿವಾರದವರೆಗೆ ಕಾಂಪೌಂಡಿನಲ್ಲಿ ಕವರ್ ಹೊದ್ದು ಮಲಗಿರುತ್ತದೆ. ಭಾನುವಾರ ಸಿದ್ಧಗಂಗೆಗೋ, ಕ್ಯಾತ್ಸಂದ್ರಕ್ಕೆ ತಟ್ಟೆ ಇಡ್ಲಿಗೋ ಒಂದು ಸುತ್ತು, ಅಷ್ಟೇ. ಬ್ಯಾಟರಿಗೆ ಇದಕ್ಕಿಂತ ಕೆಟ್ಟ ಜೀವನ ಇಲ್ಲ. ಯಾಕೆ ಅಂತ ಲೆಕ್ಕ ಹಾಕಿಯೇ ನೋಡೋಣ.

ಡಬ್ಬಿಯೊಳಗೆ ಏನಿದೆ?

ಕಾರಿನ ಬ್ಯಾಟರಿ ಬಹಳ ಹಳೆಯ ತಂತ್ರ. 1859ರಲ್ಲಿ ಫ್ರಾನ್ಸಿನ ಗಾಸ್ತೋಂ ಪ್ಲಾಂಟೆ ಮಾಡಿದ ಸೀಸ-ಆಸಿಡ್ ಬ್ಯಾಟರಿಯ ಮೂಲ ಸೂತ್ರವೇ ಇವತ್ತಿಗೂ ನಡೆಯುತ್ತಿದೆ. ಪ್ಲಾಸ್ಟಿಕ್ ಡಬ್ಬಿಯೊಳಗೆ ಆರು ಕೋಣೆಗಳಿವೆ. ಒಂದೊಂದಕ್ಕೂ ಸೆಲ್ ಅಂತ ಹೆಸರು. ಪ್ರತಿ ಸೆಲ್‌ನಲ್ಲೂ ಸೀಸದ ತೆಳು ತಟ್ಟೆಗಳು, ಅಂದರೆ ಪ್ಲೇಟುಗಳು, ಸಾಲಾಗಿ ನಿಂತಿರುತ್ತವೆ. ಅವುಗಳ ಸುತ್ತ ನೀರು ಬೆರೆಸಿದ ಗಂಧಕಾಮ್ಲ. ಅಂಗಡಿಯವರ ಬಾಯಲ್ಲಿ ಅದು ಬರೀ 'ಆಸಿಡ್'.

ತುಂಬಿದ ಒಂದು ಸೆಲ್ ಕೊಡುವುದು ಸುಮಾರು 2.1 ವೋಲ್ಟ್. ಆರು ಸೆಲ್ ಸೇರಿ 12.6. ನಾವು '12 ವೋಲ್ಟ್ ಬ್ಯಾಟರಿ' ಅನ್ನುವುದು ಬರೀ ರೂಢಿ. ನಿಜವಾಗಿ 12.0 ತೋರಿಸುವ ಬ್ಯಾಟರಿ ಹೆಚ್ಚುಕಡಿಮೆ ಹಸಿದು ಕೂತಿದೆ ಅಂತ ಅರ್ಥ.

ಕರೆಂಟು ಖರ್ಚಾಗುವಾಗ ಆಸಿಡ್‌ನಲ್ಲಿರುವ ಗಂಧಕದ ಅಂಶ ಹೋಗಿ ಪ್ಲೇಟುಗಳಿಗೆ ಅಂಟುತ್ತದೆ. ಅಲ್ಲಿ ಸೀಸದ ಸಲ್ಫೇಟ್ ಆಗುತ್ತದೆ. ಉಳಿದ ದ್ರವ ತೆಳ್ಳಗಾಗುತ್ತಾ ನೀರಿನ ಕಡೆಗೆ ಸರಿಯುತ್ತದೆ. ಚಾರ್ಜ್ ಮಾಡಿದಾಗ ಆ ಸಲ್ಫೇಟ್ ಕರಗಿ ಮತ್ತೆ ಆಸಿಡ್‌ಗೆ ವಾಪಸ್. ತಕ್ಷಣ ಚಾರ್ಜ್ ಮಾಡಿದರೆ ಇದು ಸಲೀಸಾಗಿ ನಡೆಯುತ್ತದೆ. ವಾರಗಟ್ಟಲೆ ಅರೆಹೊಟ್ಟೆಯಲ್ಲಿ ಬಿಟ್ಟರೆ ಸಲ್ಫೇಟ್ ಗಟ್ಟಿ ಹರಳಾಗಿ ಪ್ಲೇಟಿನ ಮೇಲೆ ಕೂತುಬಿಡುತ್ತದೆ. ಆಮೇಲೆ ಎಷ್ಟು ಚಾರ್ಜ್ ಹಾಕಿದರೂ ಪೂರ್ತಿ ಕರಗುವುದಿಲ್ಲ.

ನೀರು ಬೇರೆ, ಹೂಳು ಬೇರೆ

ಇಡೀ ವಿಷಯದಲ್ಲಿ ತಿಳಿಯಬೇಕಾದ್ದು ಇದೊಂದೇ ಅಂದರೂ ತಪ್ಪಿಲ್ಲ. ಬ್ಯಾಟರಿಯ ಬಗ್ಗೆ ಎರಡು ಪ್ರಶ್ನೆಗಳಿವೆ. ಈಗ ಎಷ್ಟು ಚಾರ್ಜ್ ಇದೆ? ಮತ್ತು ಬ್ಯಾಟರಿ ಎಷ್ಟು ಗಟ್ಟಿಯಾಗಿದೆ? ಎರಡನ್ನೂ ಒಂದೇ ಅಂತ ತಿಳಿದರೆ ಒಳ್ಳೆ ಬ್ಯಾಟರಿ ಗುಜರಿಗೆ ಹೋಗುತ್ತದೆ, ಕೆಟ್ಟ ಬ್ಯಾಟರಿ ಕಾರಿನಲ್ಲೇ ಉಳಿಯುತ್ತದೆ.

ನಮ್ಮ ಕಡೆಯ ಕೆರೆ ನೆನಪಿಸಿಕೊಳ್ಳಿ. ಎರಡು ಕೆರೆ, ಎರಡೂ ಕೋಡಿ ಬಿದ್ದಿವೆ. ಏರಿ ಮೇಲೆ ನಿಂತು ನೋಡಿದರೆ ಎರಡೂ ತುಂಬಿವೆ. ಒಂದರಲ್ಲಿ ಹೂಳಿಲ್ಲ, ಇನ್ನೊಂದರಲ್ಲಿ ಮುಕ್ಕಾಲು ಪಾಲು ಹೂಳು. ತೂಬು ಎತ್ತಿದರೆ ಗೊತ್ತಾಗುತ್ತದೆ. ಮೊದಲನೆಯದು ಬೆಳೆ ಮುಗಿಯುವವರೆಗೆ ನೀರು ಕೊಡುತ್ತದೆ. ಎರಡನೆಯದು ನಾಲ್ಕೇ ದಿನಕ್ಕೆ ಒಣಗುತ್ತದೆ. ಹೂಳಿನ ಕೆರೆಗೆ ಇನ್ನೊಂದು ಗುಣವಿದೆ: ಒಂದೇ ಮಳೆಗೆ ತುಂಬಿಬಿಡುತ್ತದೆ. ಹಳೆ ಬ್ಯಾಟರಿಯೂ ಹಾಗೆಯೇ. ನೀರು ಅಂದರೆ ಚಾರ್ಜ್, ಹೂಳು ಅಂದರೆ ಪ್ಲೇಟಿನ ಮೇಲೆ ಕೂತ ಆ ಗಟ್ಟಿ ಸಲ್ಫೇಟ್. ಬೇಗ 'ಫುಲ್' ಆಗುತ್ತದೆ, ಬೇಗ ಖಾಲಿಯಾಗುತ್ತದೆ. "ಒಂದೇ ಗಂಟೆಗೆ ಚಾರ್ಜ್ ಆಯ್ತು" ಅಂತ ಯಾರಾದರೂ ಖುಷಿಪಟ್ಟರೆ ನನಗೆ ಅನುಮಾನ ಬರುವುದು ಇದಕ್ಕೇ.

ನಿಂತ ಕಾರಿನಲ್ಲಿ ವೋಲ್ಟೇಜ್ ನೋಡುವುದು ಅಂದರೆ ನೀರಿನ ಮಟ್ಟ ನೋಡುವುದು. ಸೆಲ್ಫ್ ಹೊಡೆಯುವಾಗ ನೋಡುವುದು ಅಂದರೆ ತೂಬು ಎತ್ತಿ ನೋಡುವುದು. ಎಂಜಿನ್ ಓಡುವಾಗ ನೋಡುವುದು, ಕೆರೆಗೆ ಬರುವ ಕಾಲುವೆ ಸರಿಯಾಗಿದೆಯಾ ಅಂತ ನೋಡುವುದು.

ಮೊದಲು ಕಣ್ಣು, ಕೈ, ಮೂಗು

ಮೀಟರ್ ಹಿಡಿಯುವ ಮೊದಲು ಉಂಗುರ, ಬಳೆ, ಲೋಹದ ಪಟ್ಟಿಯ ವಾಚು ತೆಗೆದಿಡಿ. 12 ವೋಲ್ಟ್ ಶಾಕ್ ಹೊಡೆಯುವುದಿಲ್ಲ, ನಿಜ. ಆದರೆ ಲೋಹ ಎರಡು ಟರ್ಮಿನಲ್‌ಗಳ ನಡುವೆ ಸೇತುವೆಯಾದರೆ ನೂರಾರು ಆಂಪಿಯರ್ ಹರಿದು ಉಂಗುರ ಕೆಂಡದಂತಾಗುತ್ತದೆ. ಬೀಡಿ, ಸಿಗರೇಟು, ಬೆಂಕಿಕಡ್ಡಿ ದೂರ ಇರಲಿ. ಚಾರ್ಜ್ ಆಗುವಾಗ ಬ್ಯಾಟರಿಯಿಂದ ಹೈಡ್ರೋಜನ್ ಹೊರಗೆ ಬರುತ್ತದೆ, ಒಂದು ಕಿಡಿ ಸಾಕು. ಆಸಿಡ್ ಕಣ್ಣಿಗೆ ಹಾರಿದರೆ ತಕ್ಷಣ ಹರಿಯುವ ನೀರಿನಲ್ಲಿ ಕನಿಷ್ಠ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಬೇಕು.

ಈಗ ನೋಡಿ. ಡಬ್ಬಿಯ ಪಕ್ಕ ಉಬ್ಬಿದೆಯಾ? ಉಬ್ಬಿದ್ದರೆ ಒಳಗೆ ವಿಪರೀತ ಬಿಸಿಯಾಗಿದೆ. ಇಂಥದ್ದಕ್ಕೆ ಪರೀಕ್ಷೆ ಬೇಡ, ಬದಲಾಯಿಸಿ. ಬಿರುಕು, ಒಸರಿದ ಗುರುತು ಇದ್ದರೂ ಅದೇ ಮಾತು. ಕೊಳೆತ ಮೊಟ್ಟೆಯ ವಾಸನೆ ಬಂದರೆ ಸಾಮಾನ್ಯವಾಗಿ ಓವರ್‌ಚಾರ್ಜ್ ಆಗುತ್ತಿದೆ, ಇಲ್ಲವೇ ಒಂದು ಸೆಲ್ ಒಳಗೇ ಶಾರ್ಟ್ ಆಗಿದೆ.

ಟರ್ಮಿನಲ್ ಮೇಲೆ ಬಿಳಿ ಅಥವಾ ನೀಲಿ-ಹಸಿರು ಪುಡಿ ಕಟ್ಟಿದೆಯಾ? ಕೇಬಲ್ ಕ್ಲ್ಯಾಂಪನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ. ಅಲ್ಲಾಡಬಾರದು. ಬ್ಯಾಟರಿಯನ್ನು ಕೆಳಗಿನ ತಟ್ಟೆಗೆ ಬಿಗಿದಿರುವ ಪಟ್ಟಿಯನ್ನೂ ಮುಟ್ಟಿ ನೋಡಿ. ಅದು ಸಡಿಲವಾಗಿದ್ದರೆ ಹಳ್ಳ ಬಿದ್ದ ರಸ್ತೆಯಲ್ಲಿ ಬ್ಯಾಟರಿ ಕುಣಿದು, ಪ್ಲೇಟಿನ ಲೇಪ ಉದುರಿ ತಳ ಸೇರುತ್ತದೆ.

ಕೆಲವು ಬ್ಯಾಟರಿಗಳ ಮೇಲೆ ಒಂದು ಗಾಜಿನ ಕಣ್ಣು ಇರುತ್ತದೆ. ಸಾಮಾನ್ಯವಾಗಿ ಹಸಿರು ಕಂಡರೆ ಚಾರ್ಜ್ ಇದೆ, ಕಪ್ಪಾದರೆ ಚಾರ್ಜ್ ಬೇಕು, ಬೆಳ್ಳಗಾದರೆ ಒಳಗಿನ ದ್ರವದ ಮಟ್ಟ ಇಳಿದಿದೆ. ಬಣ್ಣದ ಅರ್ಥ ಪಕ್ಕದ ಲೇಬಲ್‌ನಲ್ಲಿ ಬರೆದಿರುತ್ತದೆ. ಆದರೆ ಆ ಕಣ್ಣು ಇರುವುದು ಆರರಲ್ಲಿ ಒಂದು ಸೆಲ್‌ನಲ್ಲಿ ಮಾತ್ರ. ಉಳಿದ ಐದರ ಸಂಗತಿ ಅದಕ್ಕೆ ಗೊತ್ತಿಲ್ಲ. ಹಸಿರು ಕಣ್ಣನ್ನು ನಂಬಿ ಸುಮ್ನೆ ಕೂರಬೇಡಿ.

ಮೊದಲ ಅಂಕಿ: ನಿಂತ ಕಾರು

ಮಲ್ಟಿಮೀಟರ್‌ನ ಗುಂಡಿಯನ್ನು ಡಿಸಿ ವೋಲ್ಟ್‌ನ 20ಕ್ಕೆ ತಿರುಗಿಸಿ. ಕಪ್ಪು ವೈರು 'ಕಾಮನ್' ತೂತಿಗೆ, ಕೆಂಪು ವೈರು ವೋಲ್ಟ್ ಅಂತ ಬರೆದಿರುವ ತೂತಿಗೆ. ಇಲ್ಲಿ ತುಂಬಾ ಜನ ಒಂದು ತಪ್ಪು ಮಾಡುತ್ತಾರೆ, ನಾನೂ ಮಾಡಿದ್ದೇನೆ. ಪಕ್ಕದಲ್ಲೇ 10 ಆಂಪಿಯರ್ ಅಂತ ಇನ್ನೊಂದು ತೂತು ಇರುತ್ತದೆ. ಕೆಂಪು ವೈರು ಅದರಲ್ಲಿದ್ದಾಗ ಬ್ಯಾಟರಿ ಮುಟ್ಟಿಸಿದರೆ ನೇರ ಶಾರ್ಟ್. ಚಟ್ ಅಂತ ಕಿಡಿ ಹಾರಿ ಮೀಟರ್ ಹೋಯಿತು ಅಂತಲೇ ಲೆಕ್ಕ.

ಕಾರು ಓಡಿಸಿ ಬಂದ ಕೂಡಲೇ ಅಳೆಯಬೇಡಿ. ಆಗ ತಾನೇ ಚಾರ್ಜ್ ಆದ ಬ್ಯಾಟರಿ 13ರ ಆಸುಪಾಸು ತೋರಿಸಿ ಮೋಸ ಮಾಡುತ್ತದೆ. ಪ್ಲೇಟಿನ ಮೇಲ್ಮೈಗೆ ಮಾತ್ರ ಹತ್ತಿದ ಚಾರ್ಜ್ ಅದು, ಹಾಲು ಉಕ್ಕಿದಾಗ ಪಾತ್ರೆ ತುಂಬಿದಂತೆ ಕಾಣುತ್ತಲ್ಲ, ಹಾಗೆ. ರಾತ್ರಿಯಿಡೀ ನಿಂತ ಕಾರನ್ನು ಬೆಳಗ್ಗೆ ಬಾಗಿಲು ತೆಗೆಯುವ ಮುಂಚೆ ಅಳೆಯುವುದು ಒಳ್ಳೆಯದು. ಬಾನೆಟ್ ಮಾತ್ರ ಹಿಂದಿನ ರಾತ್ರಿಯೇ ಸಡಿಲ ಮಾಡಿಟ್ಟಿರಬೇಕು. ಅವಸರ ಇದ್ದರೆ ಹೆಡ್‌ಲೈಟ್ ಎರಡು ನಿಮಿಷ ಉರಿಸಿ, ಆರಿಸಿ, ಐದು ಹತ್ತು ನಿಮಿಷ ಬಿಟ್ಟು ನೋಡಬಹುದು.

ಕೆಂಪು ಮೊನೆ ಪ್ಲಸ್‌ಗೆ, ಕಪ್ಪು ಮೊನೆ ಮೈನಸ್‌ಗೆ. 12.6 ಅಥವಾ ಸ್ವಲ್ಪ ಮೇಲೆ ಬಂದರೆ ತುಂಬಿದೆ. 12.4 ಬಂದರೆ ಮುಕ್ಕಾಲು, 12.2 ಬಂದರೆ ಅರ್ಧ, 12.0 ಬಂದರೆ ಕಾಲು ಭಾಗ. 11.9ಕ್ಕಿಂತ ಕೆಳಗೆ ಖಾಲಿ. 12.6ಕ್ಕೂ 12.0ಗೂ ವ್ಯತ್ಯಾಸ ಬರೀ ಅರ್ಧ ವೋಲ್ಟ್ ಚಿಲ್ಲರೆ, ಆದರೆ ಅದರಲ್ಲಿ ಬ್ಯಾಟರಿಯ ಮುಕ್ಕಾಲು ಭಾಗ ಖಾಲಿಯಾಗಿರುತ್ತದೆ. ದಶಮಾಂಶದ ನಂತರದ ಅಂಕಿಯೇ ಇಲ್ಲಿ ಮುಖ್ಯ. ಮುಳ್ಳು ಓಡುವ ಹಳೆ ಮೀಟರ್ ಇದಕ್ಕೆ ಸಾಲದು.

ಪೂರ್ತಿ ಚಾರ್ಜ್ ಹಾಕಿಸಿಕೊಂಡು ಬಂದ ಬ್ಯಾಟರಿ ಮರುದಿನ 10.5ರ ಹತ್ತಿರ ತೋರಿಸಿತು ಅಂತಿಟ್ಟುಕೊಳ್ಳಿ. 12.6ರಲ್ಲಿ 2.1 ಕಳೆಯಿರಿ. ಒಂದು ಸೆಲ್ ಪೂರ್ತಿ ಸತ್ತಿದೆ. "ಒಂದು ಸೆಲ್ ಡೌನ್" ಅಂತ ಅಂಗಡಿಯವರು ಹೇಳುವುದು ಇದನ್ನೇ. ಇದಕ್ಕೆ ರಿಪೇರಿ ಇಲ್ಲ.

ಎರಡನೇ ಅಂಕಿ: ತೂಬು ಎತ್ತಿದಾಗ

ಮೀಟರ್ ಮೊನೆಗಳನ್ನು ಟರ್ಮಿನಲ್‌ಗಳ ಮೇಲೆ ಹಿಡಿದುಕೊಂಡಿರಿ. ಇನ್ನೊಬ್ಬರು ಸೆಲ್ಫ್ ಹೊಡೆಯಲಿ. ಚಿಕ್ಕ ಪೆಟ್ರೋಲ್ ಕಾರಿನ ಸ್ಟಾರ್ಟರ್ ಮೋಟರ್ ಆ ಒಂದೆರಡು ಸೆಕೆಂಡಿಗೆ 100ರಿಂದ 150 ಆಂಪಿಯರ್ ಎಳೆಯುತ್ತದೆ. ಡೀಸೆಲ್ ಆದರೆ ಇನ್ನೂ ಜಾಸ್ತಿ. ವೋಲ್ಟೇಜ್ ಧಡಕ್ಕನೆ ಇಳಿಯುತ್ತದೆ, ಇಳಿಯಲೇಬೇಕು. ಎಷ್ಟಕ್ಕೆ ಇಳಿಯಿತು ಅನ್ನುವುದೇ ಪ್ರಶ್ನೆ.

ತುಂಬಿದ, ಗಟ್ಟಿ ಬ್ಯಾಟರಿ 10 ವೋಲ್ಟ್‌ಗಿಂತ ಮೇಲೆಯೇ ನಿಲ್ಲುತ್ತದೆ. 9.6 ಕೊನೆಯ ಗೆರೆ. ಅದರ ಕೆಳಗೆ ಬಿದ್ದರೆ ಒಂದೋ ನೀರಿಲ್ಲ, ಇಲ್ಲವೋ ಹೂಳು. ಯಾವುದು ಅಂತ ತಿಳಿಯಲು ಪೂರ್ತಿ ಚಾರ್ಜ್ ಮಾಡಿ ಮತ್ತೆ ನೋಡಬೇಕು. ಚಾರ್ಜ್ ಮಾಡದೆ ಈ ಪರೀಕ್ಷೆ ಮಾಡಿ ತೀರ್ಪು ಕೊಡುವುದು, ಊಟ ಹಾಕದೆ ಓಟದ ಪಂದ್ಯಕ್ಕೆ ಬಿಟ್ಟು "ಕಾಲಲ್ಲಿ ಶಕ್ತಿ ಇಲ್ಲ" ಅಂದ ಹಾಗೆ. ನಿಂತಾಗ 12.6 ಇದ್ದೂ ಸೆಲ್ಫ್ ಹೊಡೆದಾಗ 8.5ಕ್ಕೆ ಬಿದ್ದರೆ ಅದು ಹೂಳಿನ ಕೆರೆ. ಆ ಬ್ಯಾಟರಿಗೆ ದಿನ ಎಣಿಸುವುದೇ.

ಅಗ್ಗದ ಮೀಟರ್‌ಗಳು ನಿಧಾನ. ಎಂಜಿನ್ ಒಂದೇ ಸೆಕೆಂಡಿನಲ್ಲಿ ಸ್ಟಾರ್ಟ್ ಆದರೆ ಕೆಳಗಿನ ಅಂಕಿ ಕಣ್ಣಿಗೆ ಬೀಳುವುದೇ ಇಲ್ಲ. ಮೀಟರ್‌ನ ಪರದೆಯನ್ನು ಮೊಬೈಲ್‌ನಲ್ಲಿ ವಿಡಿಯೋ ಮಾಡಿಕೊಂಡು ನಿಲ್ಲಿಸಿ ನಿಲ್ಲಿಸಿ ನೋಡಿ, ಸಿಗುತ್ತದೆ.

ಕಿವಿಯೂ ಒಂದು ಮೀಟರೇ. ಸೆಲ್ಫ್ 'ಉಂ... ಉಂ...' ಅಂತ ಎಳೆದರೆ ಶಕ್ತಿ ಸಾಲದು. 'ಟಕಟಕಟಕ' ಅಂತ ಬಡಿದುಕೊಂಡರೆ ಚಾರ್ಜ್ ತೀರಾ ಕಮ್ಮಿ. ಒಂದೇ 'ಟಕ್' ಬಂದರೆ ಟರ್ಮಿನಲ್ ಅಥವಾ ಸ್ಟಾರ್ಟರ್ ಕಡೆಗೂ ಅನುಮಾನ ಇರಲಿ. ಜೋರಾಗಿ ತಿರುಗಿಯೂ ಎಂಜಿನ್ ಹತ್ತಿಕೊಳ್ಳದಿದ್ದರೆ ಬ್ಯಾಟರಿಯನ್ನು ಬಯ್ಯಬೇಡಿ, ತೊಂದರೆ ಪೆಟ್ರೋಲ್ ಕಡೆಯದೋ ಸ್ಪಾರ್ಕ್ ಕಡೆಯದೋ ಇರಬೇಕು.

ಮೇಷ್ಟ್ರ ಕಾರಿಗೆ ಆಗಿದ್ದೇನು?

ಮೆಕ್ಯಾನಿಕ್ ಹೋದ ಮೇಲೆ ನಾನು ಮೀಟರ್ ತೆಗೆದುಕೊಂಡು ಹೋದೆ. ನಿಂತ ಕಾರಿನಲ್ಲಿ 12.5. ಇದೇ ಮೊದಲ ಸುಳಿವು, ಸತ್ತ ಬ್ಯಾಟರಿಯ ಅಂಕಿ ಅಲ್ಲ ಇದು. ಮೇಷ್ಟ್ರು ಕೀ ತಿರುಗಿಸಿದರು. 'ಟಕ್'. ಮೀಟರ್ 11.9ಕ್ಕೆ ಇಳಿದು ಅಲ್ಲೇ ನಿಂತಿತು.

ಇದರ ಅರ್ಥ ಬಿಡಿಸಿಕೊಳ್ಳಿ. ಸ್ಟಾರ್ಟರ್ ತಿರುಗಿಲ್ಲ, ವೋಲ್ಟೇಜೂ ಹೆಚ್ಚು ಬಿದ್ದಿಲ್ಲ. ಅಂದರೆ ಬ್ಯಾಟರಿಯಿಂದ ದೊಡ್ಡ ಕರೆಂಟು ಹೊರಗೆ ಹೋಗಿಯೇ ಇಲ್ಲ. ಕೆರೆಯಲ್ಲಿ ನೀರಿದೆ, ತೂಬಿನ ಬಾಯಿಗೆ ಏನೋ ಅಡ್ಡ ಇದೆ.

ಆಗ ಒಂದು ಮೊನೆಯನ್ನು ಬ್ಯಾಟರಿಯ ಪ್ಲಸ್ ಗೂಟದ ಮೇಲೆ ಇಟ್ಟೆ. ಇನ್ನೊಂದನ್ನು ಅದೇ ಗೂಟಕ್ಕೆ ಬಿಗಿದಿರುವ ಕ್ಲ್ಯಾಂಪಿನ ಮೇಲೆ ಇಟ್ಟೆ. ಎರಡೂ ಒಂದಕ್ಕೊಂದು ಅಂಟಿಕೊಂಡಿರುವ ಲೋಹ, ನಡುವೆ ವೋಲ್ಟೇಜ್ ಇರಬಾರದು. ಸೆಲ್ಫ್ ಹೊಡೆದಾಗಲೂ 0.1, ಹೆಚ್ಚೆಂದರೆ 0.2 ದಾಟಬಾರದು. ಮೇಷ್ಟ್ರು ಕೀ ತಿರುಗಿಸಿದರು. ಮೀಟರ್ 3.8 ತೋರಿಸಿತು. ಸ್ಟಾರ್ಟರ್‌ಗೆ ಸೇರಬೇಕಾದ ವೋಲ್ಟೇಜಿನಲ್ಲಿ ಸುಮಾರು ಮೂರನೇ ಒಂದು ಭಾಗ ಆ ಕಾಲಿಂಚು ಜಾಗದಲ್ಲೇ ಮಾಯವಾಗುತ್ತಿತ್ತು.

ಕ್ಲ್ಯಾಂಪ್ ಬಿಚ್ಚಿದೆವು. ಮೊದಲು ಮೈನಸ್, ಆಮೇಲೆ ಪ್ಲಸ್. ಈ ಕ್ರಮ ಮರೆಯಬಾರದು. ಪ್ಲಸ್ ಬಿಚ್ಚುವಾಗ ಸ್ಪ್ಯಾನರ್ ಬಾಡಿಗೆ ತಾಗಿದರೂ ಮೈನಸ್ ಮೊದಲೇ ಬಿಚ್ಚಿದ್ದರೆ ಏನೂ ಆಗುವುದಿಲ್ಲ. ಹೊರಗಿನಿಂದ ಚೆನ್ನಾಗಿ ಕಾಣುತ್ತಿದ್ದ ಕ್ಲ್ಯಾಂಪಿನ ಒಳಮೈಯಲ್ಲಿ ಬೂದು ಬಣ್ಣದ ಗಟ್ಟಿ ಪದರ. ಬಿಸಿನೀರಿಗೆ ಅಡುಗೆ ಸೋಡಾ ಹಾಕಿ, ಹಳೆ ಟೂತ್‌ಬ್ರಷ್‌ನಲ್ಲಿ ತಿಕ್ಕಿ, ಒರೆಸಿ, ಸ್ಯಾಂಡ್‌ಪೇಪರ್‌ನಲ್ಲಿ ಲೋಹ ಹೊಳೆಯುವವರೆಗೆ ಉಜ್ಜಿದೆವು. ಜೋಡಿಸುವಾಗ ಮೊದಲು ಪ್ಲಸ್, ಕೊನೆಗೆ ಮೈನಸ್. ಬಿಗಿ ಮಾಡಿದ ಮೇಲೆ ಹೊರಗಡೆಗೆ ಒಂದಿಷ್ಟು ಪೆಟ್ರೋಲಿಯಂ ಜೆಲ್ಲಿ. ಸೆಲ್ಫ್ ಹೊಡೆದರೆ ಒಂದೇ ಏಟಿಗೆ ಸ್ಟಾರ್ಟ್. ಆಗ ಬ್ಯಾಟರಿ ಇಳಿದಿದ್ದು 10.4ಕ್ಕೆ. "ಅಯ್ಯೋ, ಹೊಸದಕ್ಕೆ ಹೇಳಿಬಿಟ್ಟಿದ್ದೆನಲ್ಲ" ಅಂತ ಮೇಷ್ಟ್ರು ಫೋನ್ ಕೈಗೆತ್ತಿಕೊಂಡರು.

ಎಲ್ಲ ಕಾರಿನಲ್ಲೂ ಹೀಗೇ ಆಗುತ್ತದೆ ಅಂತಲ್ಲ. ಮೂರು-ನಾಲ್ಕು ವರ್ಷ ದಾಟಿದ ಬ್ಯಾಟರಿ ಹೋಗಿರುವ ಸಾಧ್ಯತೆಯೇ ಜಾಸ್ತಿ. ಆದರೆ ಟರ್ಮಿನಲ್ ಉಜ್ಜುವುದಕ್ಕೆ ಖರ್ಚಿಲ್ಲ. ಮೊದಲು ಖರ್ಚಿಲ್ಲದ್ದನ್ನು ನೋಡುವುದು ವಾಸಿ, ಅಲ್ವಾ?

ಮೂರನೇ ಅಂಕಿ: ಎಂಜಿನ್ ಓಡುವಾಗ

ಎಂಜಿನ್ ಜೊತೆ ಬೆಲ್ಟಿನಿಂದ ತಿರುಗುವ ಆಲ್ಟರ್ನೇಟರ್ ಬ್ಯಾಟರಿಯನ್ನು ತುಂಬುತ್ತದೆ. ನಮ್ಮ ಕಡೆ ಇದನ್ನು ಈಗಲೂ ಡೈನಮೋ ಅನ್ನುವವರೇ ಜಾಸ್ತಿ. ಎಂಜಿನ್ ಓಡುತ್ತಿರುವಾಗ ಟರ್ಮಿನಲ್‌ಗಳಲ್ಲಿ 13.8ರಿಂದ 14.5 ಬರಬೇಕು. ಹೆಡ್‌ಲೈಟ್, ಎಸಿ, ಫ್ಯಾನ್ ಎಲ್ಲ ಹಾಕಿದ ಮೇಲೂ 13.5ರ ಹತ್ತಿರ ನಿಲ್ಲಬೇಕು.

12.3 ತೋರಿಸಿ ಅಲ್ಲಿಂದಲೂ ಇಳಿಯುತ್ತಿದ್ದರೆ ಕಾಲುವೆ ಒಣಗಿದೆ. ಬೆಲ್ಟ್ ಸಡಿಲವೋ, ಡೈನಮೋ ಒಳಗೆ ಏನಾದರೂ ಹೋಗಿದೆಯೋ ನೋಡಬೇಕು. ಇಂಥ ಕಾರಿಗೆ ಹೊಸ ಬ್ಯಾಟರಿ ಹಾಕಿದರೆ ನಾಲ್ಕು ದಿನಕ್ಕೆ ಅದೂ ಖಾಲಿ. 15 ದಾಟಿದರೆ ಉಲ್ಟಾ ತೊಂದರೆ, ಬ್ಯಾಟರಿ ಕುದಿಯುತ್ತದೆ. ಈಚಿನ ಕೆಲವು ಕಾರುಗಳಲ್ಲಿ ಕಂಪ್ಯೂಟರೇ ಚಾರ್ಜನ್ನು ಏರಿಸಿ ಇಳಿಸಿ ಮಾಡುತ್ತದೆ. ಅಂಥದ್ದರಲ್ಲಿ ಅಂಕಿ ಆಗಾಗ 13ರ ಕೆಳಗೆ ಬಂದು ಮತ್ತೆ ಏರಿದರೆ ಗಾಬರಿ ಬೇಡ, ಸ್ವಲ್ಪ ಹೊತ್ತು ನೋಡಿ.

ಡ್ಯಾಶ್‌ಬೋರ್ಡಿನಲ್ಲಿ ಹತ್ತುವ ಕೆಂಪು ಬ್ಯಾಟರಿ ಚಿತ್ರದ ಬಗ್ಗೆಯೂ ಒಂದು ತಪ್ಪು ತಿಳಿವಳಿಕೆ ಇದೆ. ಕಾರು ಓಡುವಾಗ ಅದು ಹತ್ತಿಕೊಂಡರೆ ಬ್ಯಾಟರಿ ಹಳೆಯದಾಯಿತು ಅಂತ ಅರ್ಥವಲ್ಲ. ಚಾರ್ಜ್ ಆಗುತ್ತಿಲ್ಲ ಅಂತ ಅರ್ಥ. ಶಿರಾ ದಾರಿಯಲ್ಲಿ ರಾತ್ರಿ ಹೊತ್ತು ಹತ್ತಿದರೆ ಎಸಿ, ಹಾಡು ಆರಿಸಿ, ಎಂಜಿನ್ ಆರಿಸದೆ ಹತ್ತಿರದ ಗ್ಯಾರೇಜ್ ಸೇರಿಕೊಳ್ಳಿ. ಆದರೆ ಅದರ ಜೊತೆ ಟೆಂಪರೇಚರ್ ಮುಳ್ಳೂ ಏರುತ್ತಿದ್ದರೆ ಬೆಲ್ಟ್ ತುಂಡಾಗಿರಬಹುದು, ಆಗ ತಕ್ಷಣ ನಿಲ್ಲಿಸಿ.

ಗ್ರ್ಯಾವಿಟಿ ನೋಡುವುದು, ನೀರು ಹಾಕುವುದು

ಮುಚ್ಚಳ ತೆಗೆಯಲು ಬರುವ ಬ್ಯಾಟರಿಗೆ ಇನ್ನೊಂದು ಪರೀಕ್ಷೆ ಇದೆ, ಹೈಡ್ರೋಮೀಟರ್. ರಬ್ಬರ್ ಬುರುಡೆ ಇರುವ ಗಾಜಿನ ಕೊಳವೆ, ಒಳಗೆ ಒಂದು ತೇಲುವ ಕಡ್ಡಿ. ಆಸಿಡ್ ಹೀರಿದಾಗ ಕಡ್ಡಿ ಎಷ್ಟು ಮೇಲೆ ತೇಲುತ್ತದೆ ಅನ್ನುವುದರ ಮೇಲೆ ದ್ರವ ಎಷ್ಟು ಗಟ್ಟಿ ಅಂತ ತಿಳಿಯುತ್ತದೆ. ಅಂಗಡಿಯವರು 'ಗ್ರ್ಯಾವಿಟಿ' ಅನ್ನುವುದು ಇದಕ್ಕೇ. ಹಾಲಿಗೆ ನೀರು ಬೆರೆಸಿದ್ದಾರಾ ಅಂತ ಡೇರಿಯಲ್ಲಿ ಲ್ಯಾಕ್ಟೋಮೀಟರ್ ಇಳಿಬಿಡುತ್ತಾರಲ್ಲ, ಅದೇ ತತ್ವ.

ನೀರಿನ ಅಂಕಿ 1.000. ತುಂಬಿದ ಬ್ಯಾಟರಿಯ ಆಸಿಡ್ ಸುಮಾರು 1.265, ಅರ್ಧಕ್ಕೆ 1.190, ಖಾಲಿಗೆ 1.120ರ ಹತ್ತಿರ. ಬಿಸಿ ಪ್ರದೇಶಕ್ಕೆ ಅಂತ ಕೆಲವು ತಯಾರಕರು ತುಸು ತೆಳು ಆಸಿಡ್ ತುಂಬುತ್ತಾರೆ, ಲೇಬಲ್ ನೋಡಿಕೊಳ್ಳಿ. ಒಂದು ಚಂದದ ಲೆಕ್ಕ ಹೇಳುತ್ತೇನೆ. ಈ ಅಂಕಿಗೆ 0.84 ಕೂಡಿಸಿದರೆ ಆ ಸೆಲ್‌ನ ವೋಲ್ಟೇಜ್ ಬರುತ್ತದೆ. 1.265ಕ್ಕೆ 0.84 ಕೂಡಿಸಿದರೆ 2.105, ಅದರ ಆರರಷ್ಟು 12.63. ಎರಡು ಬೇರೆ ಉಪಕರಣ ಒಂದೇ ಮಾತು ಹೇಳುತ್ತಿವೆ.

ಹೈಡ್ರೋಮೀಟರ್‌ನ ನಿಜವಾದ ಉಪಯೋಗ ಆರೂ ಸೆಲ್‌ಗಳನ್ನು ಬೇರೆ ಬೇರೆ ನೋಡುವುದು. ಐದರಲ್ಲಿ 1.250 ಬಂದು ಒಂದರಲ್ಲಿ 1.150 ಬಂದರೆ ಆ ಒಂದು ಸೆಲ್ ಕೆಟ್ಟಿದೆ. 0.050ಕ್ಕಿಂತ ಜಾಸ್ತಿ ವ್ಯತ್ಯಾಸ ಇರಬಾರದು.

ಇನ್ನು ನೀರು. ಪ್ಲೇಟುಗಳು ಮುಳುಗಿರಬೇಕು. ಇಳಿದಿದ್ದರೆ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ, ಗುರುತಿನ ತನಕ. ಆವಿಯಾಗಿ ಹೋಗುವುದು ನೀರು, ಆಸಿಡ್ ಅಲ್ಲ. ಹಾಗಾಗಿ ಆಸಿಡ್ ಸುರಿಯಬಾರದು. ಬೋರ್‌ವೆಲ್ ನೀರು ಬೇಡವೇ ಬೇಡ. ನಮ್ಮ ಜಿಲ್ಲೆಯ ಬೋರ್ ನೀರು ಕುದಿಸಿದ ಪಾತ್ರೆಯ ತಳ ನೋಡಿದ್ದೀರಲ್ಲ? ಆ ಬಿಳಿ ಕಿಟ್ಟ ಮಾಡುವ ಲವಣಗಳ ಜೊತೆಗೆ ಕಬ್ಬಿಣ, ಕ್ಲೋರೈಡ್ ಸೇರಿ ಪ್ಲೇಟನ್ನು ತಿನ್ನುತ್ತವೆ. ಕುಡಿಯಲು ತರುವ ಕ್ಯಾನ್ ನೀರಿನಲ್ಲೂ ಒಂದಿಷ್ಟು ಲವಣ ಉಳಿದಿರುತ್ತದೆ. ಎಸಿಯಿಂದ ತೊಟ್ಟಿಕ್ಕುವ ನೀರು ಹಿಡಿದು ಹಾಕುವವರನ್ನೂ ನೋಡಿದ್ದೇನೆ. ಆ ನೀರು ಧೂಳು ಕೂತ ಲೋಹದ ರೆಕ್ಕೆಗಳ ಮೇಲೆ ಇಳಿದು ಬಂದಿರುತ್ತದೆ. ಒಂದು ಬಾಟಲಿ ಡಿಸ್ಟಿಲ್ಡ್ ವಾಟರ್‌ಗೆ ಎಷ್ಟಾಗುತ್ತೆ ಮಹಾ!

ಅಂಗಡಿಯ ಟೆಸ್ಟರ್ ಕೊಡುವ ಚೀಟಿ

ಬ್ಯಾಟರಿ ಅಂಗಡಿಗಳಲ್ಲಿ ಈಗ ಕೈಯಲ್ಲಿ ಹಿಡಿಯುವ ಡಿಜಿಟಲ್ ಟೆಸ್ಟರ್ ಇದೆ. ಇದು ಬ್ಯಾಟರಿಗೆ ಸಣ್ಣದೊಂದು ಸಿಗ್ನಲ್ ಕಳಿಸಿ, ಒಳಗೆ ಕರೆಂಟು ಎಷ್ಟು ಸಲೀಸಾಗಿ ಹರಿಯುತ್ತದೆ ಅಂತ ಅಳೆಯುತ್ತದೆ. ಹೂಳು ಜಾಸ್ತಿಯಾದಷ್ಟೂ ಹರಿವು ಕಮ್ಮಿ. ಚೀಟಿಯಲ್ಲಿ 'ಎಸ್‌ಒಸಿ' ಅಂತ ಬಂದರೆ ನೀರಿನ ಮಟ್ಟ, 'ಎಸ್‌ಒಎಚ್' ಅಂತ ಬಂದರೆ ಕೆರೆಯ ಆರೋಗ್ಯ.

'ಸಿಸಿಎ' ಅಂತ ಇನ್ನೊಂದು ಅಂಕಿ ಇರುತ್ತದೆ. ಸೊನ್ನೆಗಿಂತ 18 ಡಿಗ್ರಿ ಕೆಳಗಿನ ಚಳಿಯಲ್ಲಿ, 30 ಸೆಕೆಂಡುಗಳ ಕಾಲ, 7.2 ವೋಲ್ಟ್‌ಗಿಂತ ಕೆಳಗೆ ಬೀಳದೆ ಎಷ್ಟು ಆಂಪಿಯರ್ ಕೊಡಬಲ್ಲದು ಅನ್ನುವ ಲೆಕ್ಕ ಅದು. ದೇವರಾಯನದುರ್ಗದ ಮೇಲೂ ಅಷ್ಟು ಚಳಿ ಕನಸಿನಲ್ಲೂ ಇಲ್ಲ, ಬಿಡಿ. ಆದರೂ ಬ್ಯಾಟರಿಗಳನ್ನು ಹೋಲಿಸಲು ಎಲ್ಲರೂ ಬಳಸುವ ಅಳತೆಗೋಲು ಅದೇ. ಟೆಸ್ಟರ್‌ಗೆ ಮೊದಲು ನಿಮ್ಮ ಬ್ಯಾಟರಿಯ ಸಿಸಿಎ ಎಷ್ಟು ಅಂತ ಹೇಳಬೇಕು. 300ರ ಬ್ಯಾಟರಿಗೆ 450 ಅಂತ ಒತ್ತಿದರೆ ಹೊಸ ಬ್ಯಾಟರಿಯೂ 'ಬದಲಾಯಿಸಿ' ಅಂತ ಬರುತ್ತದೆ. ಹಾಗಾಗಿ ಬಟನ್ ಒತ್ತುವಾಗ ಪಕ್ಕದಲ್ಲಿ ನಿಂತು, "ಅಣ್ಣ, ಎಷ್ಟು ಹಾಕಿದ್ರಿ?" ಅಂತ ಕೇಳಿ. ಕೇಳುವುದರಲ್ಲಿ ತಪ್ಪೇನಿಲ್ಲ.

ಮಲಗಿದ ಕಾರು ಉಣ್ಣುವ ಲೆಕ್ಕ

ಸೆಲ್ಫ್ ಹೊಡೆದರೆ ಬ್ಯಾಟರಿ ಬಹಳ ಖರ್ಚಾಗುತ್ತದೆ ಅಂತ ನಾವೆಲ್ಲ ಅಂದುಕೊಂಡಿದ್ದೇವೆ. ಲೆಕ್ಕ ಹಾಕಿದರೆ ಬೇರೆಯೇ ಕಾಣುತ್ತದೆ. 150 ಆಂಪಿಯರ್, 2 ಸೆಕೆಂಡು. ಗಂಟೆಯ ಲೆಕ್ಕಕ್ಕೆ ತಂದರೆ 0.08 ಆಂಪಿಯರ್-ಅವರ್ (ಒಂದು ಆಂಪಿಯರ್ ಒಂದು ಗಂಟೆ ಹರಿದರೆ ಒಂದು ಆಂಪಿಯರ್-ಅವರ್). ಚಿಕ್ಕ ಕಾರಿನ ಬ್ಯಾಟರಿಯಲ್ಲಿ ಹಿಡಿಯುವುದು ಸುಮಾರು 35 ಆಂಪಿಯರ್-ಅವರ್. ಇದು ಕೊಡದಿಂದ ಒಂದು ಚಮಚ ತೆಗೆದಂತೆ.

ಈಗ ಮಲಗಿದ ಕಾರು ನೋಡಿ. ಬೀಗ ಹಾಕಿದ ಮೇಲೂ ಅಲಾರಂ, ಗಡಿಯಾರ, ರಿಮೋಟ್‌ನ ಸಿಗ್ನಲ್‌ಗೆ ಕಾಯುವ ಕಂಪ್ಯೂಟರ್ ಎಚ್ಚರವಾಗಿಯೇ ಇರುತ್ತವೆ. ಸಾಮಾನ್ಯವಾಗಿ 20ರಿಂದ 50 ಮಿಲಿಆಂಪಿಯರ್ ಖರ್ಚು. 30 ಅಂತ ಹಿಡಿಯಿರಿ. ಸೋಮವಾರದಿಂದ ಶನಿವಾರ, 144 ಗಂಟೆ. ಒಟ್ಟು 4.3 ಆಂಪಿಯರ್-ಅವರ್. ಬ್ಯಾಟರಿಯ ಎಂಟನೇ ಒಂದು ಭಾಗ ಯಾರೂ ಮುಟ್ಟದೆ ಹೋಯಿತು. ಭಾನುವಾರದ ಹತ್ತು ನಿಮಿಷದ ಸುತ್ತು ಅದನ್ನು ವಾಪಸ್ ತುಂಬುವುದಿಲ್ಲ. ಮುಂದಿನ ವಾರ ಇನ್ನಷ್ಟು ಸಾಲ. ಹೀಗೆ ಅರೆಹೊಟ್ಟೆಯಲ್ಲೇ ಇದ್ದು ಇದ್ದು ಸಲ್ಫೇಟ್ ಗಟ್ಟಿಯಾಗುತ್ತದೆ. ಮನೆ ಮುಂದೆ ಹತ್ತು ನಿಮಿಷ ಎಂಜಿನ್ ಸುಮ್ನೆ ಓಡಿಸಿ ನಿಲ್ಲಿಸುವುದರಿಂದಲೂ ದೊಡ್ಡ ಪ್ರಯೋಜನ ಇಲ್ಲ. ವಾರಕ್ಕೊಮ್ಮೆ ಹೈವೇಯಲ್ಲಿ ಅರ್ಧ ಮುಕ್ಕಾಲು ಗಂಟೆ ಓಡಿಸಿದರೆ ಸರಿ.

ಹೊರಗಿನಿಂದ ಹಾಕಿಸಿದ ಮ್ಯೂಸಿಕ್ ಸಿಸ್ಟಮ್, ಡ್ಯಾಶ್‌ಕ್ಯಾಮ್, ಜಿಪಿಎಸ್ ಇದ್ದರೆ ಖರ್ಚು ಇನ್ನೂ ಏರಬಹುದು. ಡಿಕ್ಕಿಯ ಬಲ್ಬು ಒಳಗೇ ಉರಿಯುತ್ತಿದ್ದರೆ ಹೇಳುವುದೇ ಬೇಡ. ಕಳ್ಳ ಕಾರಿನಲ್ಲಿದ್ದಾನಾ, ಬ್ಯಾಟರಿಯೊಳಗೇ ಇದ್ದಾನಾ ಅಂತ ತಿಳಿಯಲು ಸುಲಭದ ದಾರಿ ಒಂದಿದೆ. ಪೂರ್ತಿ ಚಾರ್ಜ್ ಮಾಡಿ ಕೆಲವು ಗಂಟೆ ಬಿಟ್ಟ ಮೇಲೆ ಮೈನಸ್ ಕೇಬಲ್ ಬಿಚ್ಚಿ, ವೋಲ್ಟೇಜ್ ಬರೆದಿಡಿ. ಬೆಳಗ್ಗೆ ಮತ್ತೆ ನೋಡಿ. ಬಿಚ್ಚಿಟ್ಟರೂ 12.6 ಹೋಗಿ 12.2 ಆಗಿದ್ದರೆ ಬ್ಯಾಟರಿಯೇ ಒಳಗೆ ಸೋರುತ್ತಿದೆ. ಬಿಚ್ಚಿದಾಗ ನಿಂತು, ಜೋಡಿಸಿದ ರಾತ್ರಿ ಮಾತ್ರ ಇಳಿದರೆ ಕಾರು ತಿನ್ನುತ್ತಿದೆ. ಆಗ ಆಟೋ ಎಲೆಕ್ಟ್ರೀಷಿಯನ್ ಹತ್ತಿರ ಹೋಗಿ. ಅವರು ಒಂದೊಂದೇ ಫ್ಯೂಸ್ ತೆಗೆದು ಯಾವ ದಾರಿಯಲ್ಲಿ ಸೋರುತ್ತಿದೆ ಅಂತ ಹಿಡಿಯುತ್ತಾರೆ.

ಚಳಿಗಾಲದಲ್ಲಿ ಸಾಯುವುದು, ಬೇಸಿಗೆಯಲ್ಲಿ ಕಾಯಿಲೆ ಬೀಳುವುದು

ಜನವರಿಯಲ್ಲಿ ಬ್ಯಾಟರಿ ಕೈಕೊಟ್ಟರೆ ಚಳಿಯನ್ನು ಬಯ್ಯುತ್ತೇವೆ. ಚಳಿಗೆ ರಾಸಾಯನಿಕ ಕ್ರಿಯೆ ನಿಧಾನವಾಗುತ್ತದೆ, ಎಂಜಿನ್ ಆಯಿಲ್ ಗಟ್ಟಿಯಾಗಿ ಸೆಲ್ಫ್‌ಗೆ ಭಾರವಾಗುತ್ತದೆ, ನಿಜ. ಆದರೆ ತುಮಕೂರಿನ ಚಳಿ ಗಟ್ಟಿ ಬ್ಯಾಟರಿಯನ್ನು ಕೆಡಿಸುವಷ್ಟಿಲ್ಲ. ಕೆಡಿಸಿದ್ದು ಏಪ್ರಿಲ್ ಬಿಸಿಲು. ತಾಪ ಸುಮಾರು 10 ಡಿಗ್ರಿ ಏರಿದರೆ ಬ್ಯಾಟರಿಯ ಆಯಸ್ಸು ಅರ್ಧಕ್ಕೆ ಇಳಿಯುತ್ತದೆ ಅನ್ನುವುದು ಈ ಕ್ಷೇತ್ರದ ಒರಟು ಲೆಕ್ಕ. ಶಿರಾ, ಪಾವಗಡದ ಬಿಸಿಲಲ್ಲಿ ನಿಂತ ಕಾರಿನ ಬಾನೆಟ್ ಕೆಳಗೆ ಏನಾಗುತ್ತಿರುತ್ತದೆ ಯೋಚಿಸಿ. ಬೇಸಿಗೆಯಲ್ಲಿ ತಿಂದ ಏಟು ಚಳಿಗಾಲದ ಬೆಳಗ್ಗೆ ಹೊರಗೆ ಬೀಳುತ್ತದೆ. ಹಾಗಾಗಿ ಮೂರು ವರ್ಷ ದಾಟಿದ ಬ್ಯಾಟರಿಯನ್ನು ದಸರಾ ಹೊತ್ತಿಗೆ ಒಮ್ಮೆ ಅಳೆಯುವುದು ಒಳ್ಳೆಯದು. ಆಯುಧಪೂಜೆಗೆ ಹೇಗೂ ಬಾನೆಟ್ ಎತ್ತುತ್ತೇವಲ್ಲ, ಕುಂಕುಮ ಇಡುವ ಮುಂಚೆ ಮೀಟರ್ ಇಟ್ಟರಾಯಿತು.

ಎಲೆಕ್ಟ್ರಿಕ್ ಕಾರಿನವರು ಇದು ನಮಗಲ್ಲ ಅಂದುಕೊಳ್ಳಬೇಡಿ. ದೊಡ್ಡ ಬ್ಯಾಟರಿಯ ಜೊತೆಗೆ ಅದರಲ್ಲೂ ಒಂದು ಸಣ್ಣ 12 ವೋಲ್ಟ್ ಬ್ಯಾಟರಿ ಇರುತ್ತದೆ. ಅದು ಮಲಗಿದರೆ, ದೊಡ್ಡದರಲ್ಲಿ 80 ಪರ್ಸೆಂಟ್ ಇದ್ದರೂ ಕಾರು ಏಳುವುದೇ ಇಲ್ಲ.

ಚಾರ್ಜ್ ಹಾಕಿಸುವಾಗ, ಬದಲಾಯಿಸುವಾಗ

ಅಂಗಡಿಗೆ ಚಾರ್ಜ್‌ಗೆ ಕೊಟ್ಟರೆ ನಿಧಾನವಾಗಿ ಹಾಕಲು ಹೇಳಿ. ಬ್ಯಾಟರಿಯ ಆಂಪಿಯರ್-ಅವರ್‌ನ ಹತ್ತನೇ ಒಂದು ಭಾಗ ಸಾಕು. 35ರ ಬ್ಯಾಟರಿಗೆ 3.5 ಆಂಪಿಯರ್, ರಾತ್ರಿಯಿಡೀ. ಎರಡು ಗಂಟೆಯಲ್ಲಿ ತುಂಬಿಸಿ ಕೊಡುತ್ತೇವೆ ಅಂದರೆ ಪ್ಲೇಟು ಬಿಸಿಯಾಗುತ್ತದೆ. ಮರುದಿನ ತಂದು, ಕೆಲವು ಗಂಟೆ ಬಿಟ್ಟು, ಮೂರೂ ಅಂಕಿ ಅಳೆದು ವಾರಂಟಿ ಕಾರ್ಡಿನ ಹಿಂದೆ ತಾರೀಖಿನ ಜೊತೆ ಬರೆದಿಡಿ.

ನಿಜವಾಗಿಯೂ ಬದಲಾಯಿಸಬೇಕಾಗಿ ಬಂದರೆ ಅಳತೆ, ಆಂಪಿಯರ್-ಅವರ್, ಪ್ಲಸ್ ಯಾವ ಕಡೆ ಇದೆ ಅನ್ನುವುದು ಹಳೆಯದಕ್ಕೆ ಹೊಂದಬೇಕು. ಸಿಗ್ನಲ್‌ನಲ್ಲಿ ತಾನೇ ಆಫ್ ಆಗಿ ತಾನೇ ಸ್ಟಾರ್ಟ್ ಆಗುವ ಕಾರಿಗೆ ಬೇರೆ ಬಗೆಯ ಬ್ಯಾಟರಿ ಬೇಕು, ಮಾಮೂಲಿ ಹಾಕಿದರೆ ಬಾಳುವುದಿಲ್ಲ. ಡಬ್ಬಿಯ ಮೇಲಿನ ತಯಾರಿಕೆಯ ತಿಂಗಳನ್ನೂ ಕೇಳಿ, ಕಪಾಟಿನಲ್ಲಿ ವರ್ಷ ಕೂತ 'ಹೊಸ' ಬ್ಯಾಟರಿಯೂ ಸೊರಗಿರುತ್ತದೆ.

ಹಳೆಯದನ್ನು ಅಂಗಡಿಗೇ ವಾಪಸ್ ಕೊಡಿ. ಅದರೊಳಗಿನ ಸೀಸಕ್ಕೆ ಬೆಲೆ ಇದೆ, ಹೊಸದರ ಬಿಲ್ಲಿನಲ್ಲಿ ಕಳೆಯುತ್ತಾರೆ. ಹಳೆ ಬ್ಯಾಟರಿಗಳನ್ನು ಸರಿಯಾದ ಮರುಬಳಕೆಗೆ ಕಳಿಸುವ ಹೊಣೆಯನ್ನು ಕೇಂದ್ರದ 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ತಯಾರಕರ ಮೇಲೆ ಹಾಕಿವೆ. ಬೀದಿ ಗುಜರಿಯವರಿಗೆ ಹಾಕಿದರೆ ಆಸಿಡ್ ಚರಂಡಿಗೆ ಸುರಿದು, ಸೀಸ ಬಯಲಲ್ಲಿ ಕರಗಿಸುವ ಅಪಾಯ ಇರುತ್ತದೆ. ಆ ಹೊಗೆ ಮಕ್ಕಳ ಮಿದುಳಿಗೆ ಕೆಟ್ಟದ್ದು.

ಮೇಷ್ಟ್ರ ಬ್ಯಾಟರಿ ಸದ್ಯ ಕಾರಿನಲ್ಲೇ ಇದೆ. ಹೋದ ಭಾನುವಾರ ಅಳೆದಾಗ ನಿಂತ ಕಾರಿನಲ್ಲಿ 12.5, ಸೆಲ್ಫ್ ಹೊಡೆದಾಗ 10.1, ಓಡುವಾಗ 14.2. ಜನವರಿಯಲ್ಲಿ 10.4 ಇದ್ದದ್ದು ಈಗ 10.1. ಆ ನಡುವಿನ ಅಂಕಿಯನ್ನು ಪೆನ್ನಿನಲ್ಲಿ ಸುತ್ತು ಹಾಕಿ ಇಟ್ಟಿದ್ದಾರೆ.